ಹಾಡ್ ಸ್ಟುವರ್ಟ್ ಕೂಲಿಗಾಗಿ ತಂಡ ಬದಲಿಸಿದ್ದು ತಪ್ಪೇ?

ಹಳೆಪುಟ:
ಐಸ್ ಹಾಕಿಯ ಹಳೆಯ ಡಿಫೆನ್ಸ್ ಆಟಗಾರರ ಮಾತು ಎದ್ದರೆ ಎಲ್ಲರೂ ಎಡ್ಡಿ ಶೋರ್ ಹೆಸರು ಹೇಳುತ್ತಾರೆ. ಇನ್ನೂ ಸ್ವಲ್ಪ ಹಿಂದಕ್ಕೆ ಹೋಗುವವರು ಸ್ಪ್ರೇಗ್ ಕ್ಲೆಗ್‌ಹಾರ್ನ್ ಎನ್ನುತ್ತಾರೆ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಹುಟ್ಟಿದ್ದು 1917ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ತೀರಿಕೊಂಡ ಹಾಡ್ ಸ್ಟುವರ್ಟ್ ಯಾರ ಬಾಯಲ್ಲೂ ಬರುವುದಿಲ್ಲ.

ಪೂರ್ತಿ ಹೆಸರು ವಿಲಿಯಂ ಹಾಡ್ಜ್‌ಸನ್ ಸ್ಟುವರ್ಟ್. 1879ರಲ್ಲಿ ಒಟ್ಟಾವಾದಲ್ಲಿ ಹುಟ್ಟಿದ. ಮೊದಲು ಅಲ್ಲಿನ ತಂಡಕ್ಕೆ, ಆಮೇಲೆ ಕ್ವಿಬೆಕ್ ತಂಡಕ್ಕೆ ಆಡಿದ. 1902ರಲ್ಲಿ ಗಡಿ ದಾಟಿ ಅಮೆರಿಕದ ಪಿಟ್ಸ್‌ಬರ್ಗ್ ಬ್ಯಾಂಕರ್ಸ್ ಸೇರಿದ. ಅಲ್ಲಿಂದ ಮಿಷಿಗನ್‌ನ ಪೋರ್ಟೇಜ್ ಲೇಕ್, ನಂತರ ಕ್ಯಾಲುಮೆಟ್, ಮತ್ತೆ ಪಿಟ್ಸ್‌ಬರ್ಗ್, ಕೊನೆಗೆ 1906ರ ಡಿಸೆಂಬರಿನಲ್ಲಿ ಮಾಂಟ್ರಿಯಲ್ ವಾಂಡರರ್ಸ್. 1907ರ ಮಾರ್ಚಿನಲ್ಲಿ ಕೆನಡಾದ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದ. ಜೂನ್ ತಿಂಗಳಲ್ಲಿ, 28ನೇ ವಯಸ್ಸಿಗೆ, ಸತ್ತ.

ಅವನ ಬಗ್ಗೆ ಬರೆದವರಲ್ಲಿ ಅರ್ಧ ಜನ ಅವನನ್ನು ‘ಹೆಚ್ಚು ಕಾಸು ಕೊಟ್ಟವರ ಹಿಂದೆ ಹೋದವನು’ ಎಂಬ ಹಾಗೆ ಚಿತ್ರಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಆಟವನ್ನು ಕಸುಬು ಮಾಡಿಕೊಂಡ ಮೊದಲ ತಲೆಮಾರಿನವನ ಕೈಯಲ್ಲಿ ಇದ್ದ ಅಸ್ತ್ರ ಒಂದೇ: ಎದ್ದು ಹೋಗುವುದು. ನಿಮಗೆ ಏನನ್ನಿಸುತ್ತದೆ?

ಅನುಮಾನಿ:
ಐದು ಚಳಿಗಾಲದೊಳಗೆ ಐದು ಸಲ ತಂಡ ಬದಲಿಸಿದವನನ್ನು ಬೇರೆ ಏನೆಂದು ಕರೆಯಬೇಕು? ಇಂದಿನ ಆಟಗಾರ ಹೀಗೆ ಮಾಡಿದರೆ ಅಭಿಮಾನಿಗಳು ಬಿಡುತ್ತಾರೆಯೇ? ನೂರು ವರ್ಷ ಹಳೆಯದಾದ ಮಾತ್ರಕ್ಕೆ ಎಲ್ಲವೂ ಆದರ್ಶವಾಗಬೇಕಿಲ್ಲ.

ಕೊಡಗಿನವಳು:
ತಕರಾರಿಗೆ ಮೊದಲು ಒಂದು ಸಂದೇಹ. ನಮ್ಮ ಕಡೆ ಹಾಕಿ ಎಂದರೆ ಮೈದಾನದ ಹಾಕಿ. ಫುಲ್ ಬ್ಯಾಕ್, ಹಾಫ್ ಬ್ಯಾಕ್ ಎಲ್ಲ ಗೊತ್ತು. ಸ್ಟುವರ್ಟ್ ಆಡುತ್ತಿದ್ದುದು ‘ಕವರ್ ಪಾಯಿಂಟ್’ ಎಂದು ಓದಿದೆ. ಅದು ಕ್ರಿಕೆಟ್ಟಿನ ಜಾಗವಲ್ಲವೇ? ಮಂಜುಗಡ್ಡೆಯ ಮೇಲೆ ಅವನು ನಿಲ್ಲುತ್ತಿದ್ದುದು ಎಲ್ಲಿ?

ಹಳೆಪುಟ:
ಒಳ್ಳೆಯ ಪ್ರಶ್ನೆ, ಕೊಡಗಿನವಳು ಅವರೇ. ಆಗ ತಂಡಕ್ಕೆ ಏಳು ಜನ. ಗೋಲಿ (ಗೋಲ್ ಕಾಯುವವನು), ಅವನ ಮುಂದೆ ಪಾಯಿಂಟ್, ಪಾಯಿಂಟ್‌ನ ಮುಂದೆ ಕವರ್ ಪಾಯಿಂಟ್, ಮಧ್ಯದಲ್ಲಿ ಎಲ್ಲಿ ಬೇಕಾದರೂ ಓಡಾಡುವ ರೋವರ್, ಮುಂದೆ ಸೆಂಟರ್ ಮತ್ತು ಎರಡು ಬದಿಯ ಇಬ್ಬರು. ಇಂದಿನ ಹಾಗೆ ಇಬ್ಬರು ಡಿಫೆನ್ಸ್ ಆಟಗಾರರು ಅಕ್ಕಪಕ್ಕ ನಿಲ್ಲುತ್ತಿರಲಿಲ್ಲ. ಒಬ್ಬನ ಹಿಂದೆ ಒಬ್ಬ ನಿಲ್ಲುತ್ತಿದ್ದರು. ಪಾಯಿಂಟ್‌ನವನು ಗೋಲಿನ ಬಾಗಿಲು ಬಿಟ್ಟು ಕದಲುವುದು ಅಪರೂಪ. ಎದುರಾಳಿ ನುಗ್ಗಿ ಬಂದಾಗ ಮೊದಲು ಸಿಗುವವನು ಕವರ್ ಪಾಯಿಂಟ್.

ಇನ್ನೊಂದು ನಿಯಮ ನೆನಪಿಡಿ: ಪಕ್ಕನ್ನು (ಚೆಂಡಿನ ಬದಲು ಬಳಸುವ ಬಿಲ್ಲೆ) ಮುಂದಕ್ಕೆ ಪಾಸ್ ಕೊಡುವ ಹಾಗಿರಲಿಲ್ಲ. ತನಗಿಂತ ಮುಂದೆ ನಿಂತವನಿಗೆ ಕೊಟ್ಟರೆ ಆಫ್‌ಸೈಡ್. ಹಾಗಾಗಿ ಕವರ್ ಪಾಯಿಂಟ್ ಪಕ್ಕನ್ನು ಕಸಿದ ಮೇಲೆ ಅವನಿಗೆ ಇದ್ದದ್ದು ಎರಡೇ ದಾರಿ. ಒಂದು, ಪಕ್ಕನ್ನು ಗಾಳಿಯಲ್ಲಿ ಎತ್ತಿ ದೂರಕ್ಕೆ ಎಸೆಯುವುದು. ಬಹುತೇಕರು ಮಾಡುತ್ತಿದ್ದುದು ಅದನ್ನೇ. ಇನ್ನೊಂದು, ಸ್ಟಿಕ್ಕಿಗೆ ಪಕ್ಕನ್ನು ಅಂಟಿಸಿಕೊಂಡು ತಾನೇ ಸ್ಕೇಟ್ ಮಾಡುತ್ತ ಇಡೀ ರಿಂಕ್ (ಮಂಜುಗಡ್ಡೆಯ ಅಂಗಣ) ದಾಟುವುದು. ಸ್ಟುವರ್ಟ್ ಎರಡನೆಯ ಬಗೆಯವನು. ಅದು ಸುಲಭದ ಕೆಲಸವಲ್ಲ, ಏಕೆಂದರೆ ಗೋಲ್ ಆಗದೆ ಪಕ್ ಕೈತಪ್ಪಿದರೆ ಅಷ್ಟೇ ವೇಗದಲ್ಲಿ ತಿರುಗಿ ಬಂದು ತನ್ನ ಜಾಗ ಹಿಡಿಯಬೇಕು. ಅರ್ಧ ಗಂಟೆಯ ಎರಡು ಅವಧಿ, ಗಾಯವಾಗದ ಹೊರತು ಬದಲಿ ಆಟಗಾರನಿಲ್ಲ.

ಕೊಡಗಿನವಳು:
ಹಾಗಾದರೆ ಹಿಂದೆ ನಿಂತು ಮುಂದಕ್ಕೂ ನುಗ್ಗುವ ಆಟ. ಒಂದು ಗಂಟೆ ಪೂರ್ತಿ, ಅದೂ ಬದಲಿ ಇಲ್ಲದೆ! ನಮ್ಮ ಊರಿನ ಮೈದಾನದಲ್ಲಿ ಗೋಲ್ ಹೊಡೆದವನಿಗೆ ಚಪ್ಪಾಳೆ, ತಡೆದವನಿಗೆ ಮಂಡಿ ನೋವು. ಅಲ್ಲಿಯೂ ಅದೇ ಕಥೆಯೇ?

ಹಳೆಪುಟ:
ಸ್ಟುವರ್ಟ್‌ನ ವಿಷಯದಲ್ಲಿ ಹಾಗಾಗಲಿಲ್ಲ, ಏಕೆಂದರೆ ಅವನು ಗೋಲನ್ನೂ ಹೊಡೆಯುತ್ತಿದ್ದ. 1904–05ರಲ್ಲಿ ಕ್ಯಾಲುಮೆಟ್ ತಂಡಕ್ಕೆ 18 ಗೋಲ್. ಡಿಫೆನ್ಸ್‌ನಲ್ಲಿ ನಿಂತವನಿಗೆ ಅದು ಬಹಳ ದೊಡ್ಡ ಸಂಖ್ಯೆ. ಆ ವರ್ಷ ಲೀಗ್ ಗೆದ್ದದ್ದೂ ಕ್ಯಾಲುಮೆಟ್.

ಲೆಡ್ಜರ್:
ಹಣದ ಲೆಕ್ಕ ಯಾರೂ ಹಾಕುತ್ತಿಲ್ಲವಲ್ಲ, ನಾನೇ ಹಾಕುತ್ತೇನೆ.

1902ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅವನಿಗೆ ವಾರಕ್ಕೆ 15ರಿಂದ 20 ಡಾಲರ್. ಎರಡು ವರ್ಷ ಕಳೆದು ಕ್ಯಾಲುಮೆಟ್ ಅವನನ್ನು ಕರೆದಾಗ 1,800 ಡಾಲರ್. ಆದರೆ ಆ 1,800 ಬರೀ ಆಟಕ್ಕಲ್ಲ. ಆಡುವವನೂ ಅವನೇ, ತರಬೇತುದಾರನೂ ಅವನೇ, ತಂಡದ ಮ್ಯಾನೇಜರೂ ಅವನೇ. ಮೂರು ಹುದ್ದೆಗೆ ಒಂದು ಸಂಬಳ! ಇಂಥವನನ್ನು ದುರಾಸೆಯವನು ಎನ್ನುವವರು ಯಾವ ಕಚೇರಿಯಲ್ಲಿ ಕೆಲಸ ಮಾಡಿದ್ದಾರೋ ತಿಳಿಯದು.

ಕೆನಡಾದಲ್ಲಿ ಆಗ ಸಂಬಳ ತೆಗೆದುಕೊಳ್ಳುವುದೇ ಅಪರಾಧ ಎಂಬ ವಾತಾವರಣ. ಒಂಟಾರಿಯೊ ಹಾಕಿ ಸಂಸ್ಥೆಯಲ್ಲಿ ಜಾನ್ ರಾಸ್ ರಾಬರ್ಟ್‌ಸನ್ ಎಂಬ ಪತ್ರಿಕೆಯ ಒಡೆಯ ಅಧ್ಯಕ್ಷನಾಗಿ ಕುಳಿತು, ಕಾಸು ಮುಟ್ಟಿದವರನ್ನು ಹುಡುಕಿ ಹುಡುಕಿ ಹೊರಗೆ ಹಾಕುತ್ತಿದ್ದ. 1898ರಲ್ಲಿ ಬರ್ಲಿನ್ ಎಂಬ ಊರಿನ ತಂಡ (ಇಂದು ಆ ಊರಿನ ಹೆಸರು ಕಿಚನರ್) ಪಕ್ಕದ ವಾಟರ್‌ಲೂ ತಂಡವನ್ನು ಸೋಲಿಸಿತು. ಊರಿನ ಮೇಯರ್ ಖುಷಿಯಿಂದ ಹುಡುಗರ ಕೈಗೆ ಹತ್ತು ಡಾಲರಿನ ಚಿನ್ನದ ನಾಣ್ಯ ಇಟ್ಟ. ಅಷ್ಟಕ್ಕೆ ತಂಡವನ್ನೇ ಉಚ್ಚಾಟಿಸಿದರು. ಆ ತಂಡದಲ್ಲಿದ್ದ ಜಾಕ್ ಗಿಬ್ಸನ್ ಆಮೇಲೆ ದಂತವೈದ್ಯನಾಗಿ ಮಿಷಿಗನ್‌ನ ಹೌಟನ್ ಸೇರಿದ. ಅಲ್ಲಿ ಪೋರ್ಟೇಜ್ ಲೇಕ್ ತಂಡ ಕಟ್ಟಿ, ಆಟಗಾರರಿಗೆ ಮುಚ್ಚುಮರೆಯಿಲ್ಲದೆ ಸಂಬಳ ಕೊಟ್ಟ. ಹೊರಗೆ ಹಾಕಿದವರು ತಾವಾಗಿಯೇ ಎದುರಾಳಿಯನ್ನು ಬೆಳೆಸಿದಂತಾಯಿತು.

ತಾಮ್ರದೂರು:
ಹೌಟನ್‌ನಲ್ಲಿ ಓದಿದವನು ನಾನು, ಆದ್ದರಿಂದ ನಡುವೆ ಬಾಯಿ ಹಾಕುತ್ತೇನೆ. ಇಷ್ಟು ಚಿಕ್ಕ ಊರುಗಳಿಗೆ ಆಟಗಾರರನ್ನು ಕೊಳ್ಳುವಷ್ಟು ಹಣ ಎಲ್ಲಿಂದ ಬಂತು ಎಂದು ಯಾರಿಗಾದರೂ ಅನ್ನಿಸಬಹುದು. ಉತ್ತರ ನೆಲದ ಕೆಳಗಿದೆ: ತಾಮ್ರ. ಲೇಕ್ ಸುಪೀರಿಯರ್‌ಗೆ ಚಾಚಿಕೊಂಡಿರುವ ಆ ಪರ್ಯಾಯ ದ್ವೀಪದ ತುಂಬ ಆಗ ಗಣಿಗಳು. ಗಣಿಯಲ್ಲಿ ದುಡಿಯುವ ಸಾವಿರಾರು ಜನರಿಗೆ ಚಳಿಗಾಲದ ಸಂಜೆ ಕಳೆಯಲು ಏನಾದರೂ ಬೇಕು. ಹಿಮ ಬೀಳಲು ಶುರುವಾದರೆ ಒಂದು ಚಳಿಗಾಲಕ್ಕೆ ಒಟ್ಟು ಐದು ಮೀಟರ್ ಬೀಳುವುದು ಅಲ್ಲಿ ಸಾಮಾನ್ಯ. ಕಾರು ಎಲ್ಲಿ ನಿಲ್ಲಿಸಿದ್ದೇವೆ ಎಂದು ಸಲಿಕೆ ಹಿಡಿದು ಹುಡುಕಬೇಕು. ಹೌಟನ್‌ನಲ್ಲಿ ಕಾಲುವೆಯ ದಡದಲ್ಲಿ ಆಂಫಿಡ್ರೋಮ್ ಎಂಬ ಒಳಾಂಗಣ ರಿಂಕ್ ಇತ್ತು. 1927ರಲ್ಲಿ ಅದು ಸುಟ್ಟುಹೋಗಿ, ಅದೇ ಜಾಗದಲ್ಲಿ ಈಗಿನ ಡೀ ಕ್ರೀಡಾಂಗಣ ನಿಂತಿದೆ.

1904ರಲ್ಲಿ ಐದು ತಂಡಗಳು ಸೇರಿ ಅಂತರರಾಷ್ಟ್ರೀಯ ವೃತ್ತಿಪರ ಹಾಕಿ ಲೀಗ್ ಆರಂಭಿಸಿದವು: ಹೌಟನ್, ಕ್ಯಾಲುಮೆಟ್, ಪಿಟ್ಸ್‌ಬರ್ಗ್, ಮತ್ತು ಗಡಿ ನದಿಯ ಎರಡು ದಡಗಳಲ್ಲಿ ಇರುವ, ಸೂ ಸೇಂಟ್ ಮೇರಿ ಎಂಬ ಒಂದೇ ಹೆಸರಿನ ಎರಡು ಊರು. ಆಟಗಾರರು ಮಾತ್ರ ಬಹುಪಾಲು ಕೆನಡಾದವರು.

ಪಿಟ್ಸ್‌ಬರ್ಗ್ ರಾಯರು:
ನಮ್ಮ ಊರಿನ ಹೆಸರು ಎರಡು ಸಲ ಬಂತು, ಸುಮ್ಮನಿರಲು ಮನಸ್ಸಾಗಲಿಲ್ಲ. ಪಿಟ್ಸ್‌ಬರ್ಗ್‌ಗೆ ಆಟಗಾರರು ಬರಲು ಸಂಬಳದಷ್ಟೇ ಇನ್ನೊಂದು ಕಾರಣವಿತ್ತು: ಡ್ಯೂಕೇನ್ ಗಾರ್ಡನ್. ಟ್ರಾಮ್ ನಿಲ್ಲಿಸುತ್ತಿದ್ದ ಶೆಡ್ಡನ್ನು ಮಾರ್ಪಡಿಸಿ 1899ರಲ್ಲಿ ತೆರೆದ ರಿಂಕ್ ಅದು. ಕ್ರೇಗ್ ಬೀದಿಯಲ್ಲಿ ಸೇಂಟ್ ಪಾಲ್ ಕೆಥೆಡ್ರಲ್ ಸಮೀಪ ಇತ್ತು, 1956ರಲ್ಲಿ ಕೆಡವಿದರು. ಅಲ್ಲಿನ ಮಂಜುಗಡ್ಡೆ ಕೃತಕ, ಅಂದರೆ ಯಂತ್ರದಿಂದ ಹೆಪ್ಪುಗಟ್ಟಿಸಿದ್ದು. ಕೆನಡಾದ ರಿಂಕ್‌ಗಳಲ್ಲಿ ಆಗ ಸಹಜ ಮಂಜುಗಡ್ಡೆಯೇ. ಹೊರಗೆ ಬಿಸಿಲು ಏರಿದರೆ ಒಳಗೆ ಪಕ್ ನೀರಿನಲ್ಲಿ ತೇಲುತ್ತಿತ್ತು. ಇಲ್ಲಿ ಹಾಗಲ್ಲ, ಹವಾಮಾನ ಹೇಗಿದ್ದರೂ ಆಟ ನಡೆಯುತ್ತಿತ್ತು, ಟಿಕೆಟ್ ಮಾರಾಟವಾಗುತ್ತಿತ್ತು, ಸಂಬಳ ಬರುತ್ತಿತ್ತು.

ಅನುಮಾನಿ:
ರಿಂಕ್‌ಗಳ ಪರಿಚಯ ಚೆನ್ನಾಗಿದೆ. ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಕ್ಯಾಲುಮೆಟ್ ಅವನನ್ನು ಮ್ಯಾನೇಜರ್ ಮಾಡಿತ್ತು, ತಂಡ ಗೆದ್ದಿತ್ತು. ಮತ್ತೇಕೆ ಬಿಟ್ಟ?

ಹಳೆಪುಟ:
ಬಿಟ್ಟದ್ದಕ್ಕಿಂತ ಬಿಡಿಸಿದ್ದೇ ಹೆಚ್ಚು ಸರಿ. ಇದೇ ನನಗೆ ಈ ಬದುಕಿನಲ್ಲಿ ಅತ್ಯಂತ ಕುತೂಹಲ ಹುಟ್ಟಿಸುವ ಭಾಗ. 1905ರ ಡಿಸೆಂಬರಿನಲ್ಲಿ ಉಳಿದ ತಂಡಗಳು ಲೀಗ್‌ಗೆ ದೂರು ಕೊಟ್ಟವು. ದೂರು ಏನು? ಅವನು ಹೊಡೆದಾಡಿದ ಎಂದಲ್ಲ, ಮೋಸ ಮಾಡಿದ ಎಂದೂ ಅಲ್ಲ. ಅವನು ಇದ್ದ ತಂಡ ಗೆಲ್ಲುತ್ತದೆ, ಅವನು ಕೇಳುವ ಸಂಬಳ ಜಾಸ್ತಿ ಎಂಬುದು. ಅದರ ಮೇಲೆ ಲೀಗ್ ಅವನನ್ನು ನಿಷೇಧಿಸಿತು! ತಿಂಗಳು ಮುಗಿಯುವುದರೊಳಗೆ ನಿಷೇಧ ತೆಗೆದರು, ಮತ್ತು ಅವನು ಪಿಟ್ಸ್‌ಬರ್ಗ್ ಸೇರಿದ.

ಅನುಮಾನಿ ಅವರೇ, ನಿಮ್ಮ ಪಟ್ಟಿಯ ಐದು ಬದಲಾವಣೆಗಳಲ್ಲಿ ಇದೂ ಒಂದು. ಒಡೆಯರು ಒಟ್ಟಾಗಿ ಕುಳಿತು ಒಬ್ಬನ ಅನ್ನಕ್ಕೆ ಕಲ್ಲು ಹಾಕಬಹುದು, ಅದನ್ನು ಶಿಸ್ತು ಎನ್ನಬಹುದು; ಅವನು ಒಬ್ಬನೇ ಎದ್ದು ಹೋದರೆ ಮಾತ್ರ ಅದು ನಿಷ್ಠೆ ಇಲ್ಲದ್ದು.

ಲೆಡ್ಜರ್:
ಬೆಲೆ ಏರದಂತೆ ಖರೀದಿದಾರರೆಲ್ಲ ಒಳಗೊಳಗೆ ಒಪ್ಪಂದ ಮಾಡಿಕೊಳ್ಳುವುದು ಎಪಿಎಂಸಿ ಯಾರ್ಡಿನಲ್ಲಿ ನಡೆದರೆ ರೈತರು ರಸ್ತೆಗೆ ಇಳಿಯುತ್ತಾರೆ. ಇಲ್ಲಿ ಮಾಲೂ ಅವನೇ, ರೈತನೂ ಅವನೇ.

ಅನುಮಾನಿ:
ಸರಿ, 1905ರದ್ದು ಬಿಟ್ಟೆ. 1906ರ ಡಿಸೆಂಬರ್? ಋತು ಆಗ ತಾನೇ ಶುರುವಾಗಿತ್ತು, ಪಿಟ್ಸ್‌ಬರ್ಗ್ ತಂಡವನ್ನು ನಡುದಾರಿಯಲ್ಲಿ ಕೈಬಿಟ್ಟು ಮಾಂಟ್ರಿಯಲ್‌ಗೆ ಹೋದ. ಅಲ್ಲಿ ಹೆಚ್ಚು ಸಂಬಳ ಸಿಕ್ಕಿತು ಎಂಬುದನ್ನು ನೀವೂ ಅಲ್ಲಗಳೆಯುವುದಿಲ್ಲ.

ಪಿಟ್ಸ್‌ಬರ್ಗ್ ರಾಯರು:
ಅದರ ಹಿನ್ನೆಲೆ ಹೇಳುತ್ತೇನೆ. ಒಂದು ಪಂದ್ಯಕ್ಕೆ ನೇಮಿಸಿದ ರೆಫರಿ ಬೇಡ ಎಂದು ಪಿಟ್ಸ್‌ಬರ್ಗ್ ಆಟಗಾರರು ಹಠ ಹಿಡಿದರು, ಆಡಲು ಒಪ್ಪಲಿಲ್ಲ. ಆಡಳಿತದವರು ಎಲ್ಲ ತಪ್ಪನ್ನೂ ಸ್ಟುವರ್ಟ್ ತಲೆಗೆ ಕಟ್ಟಿದರು. ಅದಾದ ಮೇಲೆ ಅವನು ಇಲ್ಲಿ ನಿಲ್ಲಲಿಲ್ಲ. ಈ ಲೀಗ್‌ನ ಒರಟುತನದ ಬಗ್ಗೆ ದೂರಿ ಅವನು ಬರೆದ ಪತ್ರ ಮಾಂಟ್ರಿಯಲ್‌ನ ಪತ್ರಿಕೆಯಲ್ಲೂ ಬಂತು. ಹಣವೂ ಕಾರಣ, ಒಪ್ಪೋಣ. ಹಣ ಮಾತ್ರವೇ ಕಾರಣ ಎಂದರೆ ನಾನು ಒಪ್ಪುವುದಿಲ್ಲ.

ಒಟ್ಟಾವಾವಾಸಿ:
ಇಷ್ಟು ಹೊತ್ತು ಓದುತ್ತಿದ್ದೆ. ನಮ್ಮ ಊರಿನವನ ಮೇಲೆ ನಮ್ಮ ಊರಿನವರೇ ಮಾಡಿದ್ದನ್ನು ಯಾರೂ ಹೇಳಲಿಲ್ಲ.

ಮಾಂಟ್ರಿಯಲ್ ಸೇರಿದ ಸ್ಟುವರ್ಟ್ ಒರಟುತನದಿಂದ ಪಾರಾದನೇ? ಇಲ್ಲ. 1907ರ ಜನವರಿ 12ರಂದು ವಾಂಡರರ್ಸ್ ಎದುರು ಒಟ್ಟಾವಾ ತಂಡ ಆಡಿತು. ಆಡಿತು ಎನ್ನುವುದೂ ಸೌಜನ್ಯದ ಮಾತು. ಚಾರ್ಲ್ಸ್ ಸ್ಪಿಟಲ್ ಎಂಬವನು ಸೆಸಿಲ್ ಬ್ಲಾಚ್‌ಫರ್ಡ್ ತಲೆಗೆ ಸ್ಟಿಕ್ಕಿನಿಂದ ಬಾರಿಸಿದ. ಹ್ಯಾರಿ ಸ್ಮಿತ್ ಎರ್ನಿ ಜಾನ್ಸನ್‌ನ ಮೂಗು ಮುರಿದ. ಆಲ್ಫ್ ಸ್ಮಿತ್ ಸ್ಟುವರ್ಟ್‌ನ ಕಪಾಲಕ್ಕೆ ಸ್ಟಿಕ್ ಬೀಸಿದ. ಸ್ಟುವರ್ಟ್ ಅಲ್ಲೇ ಕುಸಿದ. ಹೆಲ್ಮೆಟ್ ಎಂಬ ವಸ್ತು ಆ ಕಾಲದ ಆಟದಲ್ಲಿ ಇರಲಿಲ್ಲ ಎಂಬುದನ್ನು ಮರೆಯದೆ ಈ ಸಾಲು ಓದಿ. ಲೀಗ್ ಅವರನ್ನು ಅಮಾನತು ಮಾಡಲಿಲ್ಲ. ಅದಕ್ಕೆ ಬೇಸತ್ತು ಲೀಗಿನ ಅಧ್ಯಕ್ಷನೇ ರಾಜೀನಾಮೆ ಕೊಟ್ಟ. ಒಟ್ಟಾವಾ ತಂಡ ಮತ್ತೆ ಮಾಂಟ್ರಿಯಲ್‌ಗೆ ಆಡಲು ಹೋದಾಗ ಪೊಲೀಸರು ಮೂವರನ್ನೂ ಹಿಡಿದರು. ಹ್ಯಾರಿ ಖುಲಾಸೆಯಾದ, ಉಳಿದ ಇಬ್ಬರಿಗೆ ತಲಾ 20 ಡಾಲರ್ ದಂಡ.

ಲೆಡ್ಜರ್:
20 ಡಾಲರ್! ಪಿಟ್ಸ್‌ಬರ್ಗ್‌ನಲ್ಲಿ ಸ್ಟುವರ್ಟ್ ಮೊದಲು ಪಡೆಯುತ್ತಿದ್ದ ಒಂದು ವಾರದ ಸಂಬಳ. ಒಬ್ಬನ ತಲೆಬುರುಡೆಗೆ ಹೊಡೆಯಲು ಅಷ್ಟು ಸಾಕಿತ್ತು.

ಒಟ್ಟಾವಾವಾಸಿ:
ಅದೇ ಋತುವಿನ ಮಾರ್ಚಿನಲ್ಲಿ ಕಾರ್ನ್‌ವಾಲ್‌ನಲ್ಲಿ ಓವನ್ ಮೆಕ್‌ಕೋರ್ಟ್ ಎಂಬ ಆಟಗಾರ ಪಂದ್ಯದಲ್ಲಿ ತಲೆಗೆ ಸ್ಟಿಕ್ ಪೆಟ್ಟು ಬಿದ್ದು ಸತ್ತೇ ಹೋದ. ಮೊಕದ್ದಮೆ ನಡೆಯಿತು, ಆರೋಪಿ ಬಿಡುಗಡೆಯಾದ. ಸ್ಟುವರ್ಟ್ ಒರಟುತನದ ಬಗ್ಗೆ ಗೊಣಗಿದ್ದು ನಾಜೂಕಿನ ಮಾತಾಗಿರಲಿಲ್ಲ.

ಕೊಡಗಿನವಳು:
ಇಷ್ಟಾಗಿಯೂ ಆ ವರ್ಷ ಕಪ್ ಗೆದ್ದರಲ್ಲ, ಅದನ್ನು ಹೇಳಿ. ಒಬ್ಬರಾದರೂ ಆಟದ ಮಾತು ಆಡಿ.

ಹಳೆಪುಟ:
ಆಡೋಣ. ಸ್ಟ್ಯಾನ್ಲಿ ಕಪ್ ಆಗ ಸವಾಲಿನ ಕಪ್. ಇಟ್ಟುಕೊಂಡವರಿಗೆ ಯಾವ ಊರಿನವರಾದರೂ ಸವಾಲು ಹಾಕಬಹುದಿತ್ತು. 1906ರಲ್ಲಿ ವಾಂಡರರ್ಸ್ ಆಡುತ್ತಿದ್ದ ಪೂರ್ವ ಕೆನಡಾದ ಲೀಗ್ ಹವ್ಯಾಸಿಗಳ ಜೊತೆ ವೃತ್ತಿಪರರೂ ಆಡಬಹುದು ಎಂದು ಒಪ್ಪಿತು. ಷರತ್ತು ಒಂದೇ: ಯಾರು ಸಂಬಳದವರು, ಯಾರು ಅಲ್ಲ ಎಂದು ಪತ್ರಿಕೆಯಲ್ಲಿ ಪ್ರಕಟಿಸಬೇಕು. ಆ ಡಿಸೆಂಬರಿನಲ್ಲಿ ನ್ಯೂ ಗ್ಲಾಸ್ಗೋ ತಂಡದ ಸವಾಲಿಗೆ ವಾಂಡರರ್ಸ್ ಇಳಿದಾಗ ಸ್ಟುವರ್ಟ್ ಸೇರಿ ಐವರು ವೃತ್ತಿಪರರಿದ್ದರು. ಸಂಬಳ ಪಡೆಯುವವರು ಬಹಿರಂಗವಾಗಿ ಕಪ್‌ಗಾಗಿ ಆಡಿದ್ದು ಅದೇ ಮೊದಲು. ವಾಂಡರರ್ಸ್ ಸುಲಭವಾಗಿ ಗೆದ್ದರು.

ಜನವರಿಯಲ್ಲಿ ಕೆನೋರಾ ಥಿಸಲ್ಸ್ ಬಂತು. ಕಪ್ ಗೆದ್ದ ಊರುಗಳಲ್ಲೆಲ್ಲ ಅತಿ ಚಿಕ್ಕ ಊರು ಕೆನೋರಾ. ಎರಡೂ ಪಂದ್ಯ ಗೆದ್ದು ಕಪ್ ಎತ್ತಿಕೊಂಡು ಹೋಯಿತು.

ಅನುಮಾನಿ:
ಮೊದಲ ಪಂದ್ಯ 4–2. ಕೆನೋರಾದ ನಾಲ್ಕೂ ಗೋಲು ಹೊಡೆದವನು ಟಾಮಿ ಫಿಲಿಪ್ಸ್ ಒಬ್ಬನೇ. ಭೂಮಂಡಲದ ಅತ್ಯುತ್ತಮ ಕವರ್ ಪಾಯಿಂಟ್ ಇದ್ದ ತಂಡದ ರಕ್ಷಣೆಯನ್ನು ಒಬ್ಬನೇ ನಾಲ್ಕು ಸಲ ದಾಟಿದ. ಇದನ್ನು ನೀವು ಮೆಲ್ಲಗೆ ದಾಟಿಸಿಬಿಟ್ಟಿರಿ.

ಹಳೆಪುಟ:
ದಾಟಿಸಲಿಲ್ಲ, ಮಾರ್ಚ್ ತಿಂಗಳಿಗೆ ಬರುತ್ತಿದ್ದೆ. ಫಿಲಿಪ್ಸ್ ದೊಡ್ಡ ಆಟಗಾರ, ಅನುಮಾನವಿಲ್ಲ. ಜನವರಿಯ ಆ ಪಂದ್ಯ ಒಟ್ಟಾವಾದವರ ಹೊಡೆದಾಟ ಮುಗಿದು ಐದೇ ದಿನಕ್ಕೆ ಬಂದದ್ದು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ. ವಾಂಡರರ್ಸ್ ತಮ್ಮ ಲೀಗ್‌ನ ಹತ್ತಕ್ಕೆ ಹತ್ತೂ ಪಂದ್ಯ ಗೆದ್ದು ಮತ್ತೆ ಸವಾಲು ಹಾಕಿದರು. ಈ ಸಲ ಪಂದ್ಯ ವಿನ್ನಿಪೆಗ್‌ನಲ್ಲಿ. ಕೆನೋರಾ ಪರವಾಗಿ ಬಂದು ನಿಂತವರಲ್ಲಿ ಒಬ್ಬ ಯಾರು ಗೊತ್ತೇ? ಆಲ್ಫ್ ಸ್ಮಿತ್. ಜನವರಿಯಲ್ಲಿ ಸ್ಟುವರ್ಟ್ ತಲೆಗೆ ಹೊಡೆದ ಅದೇ ಒಟ್ಟಾವಾದವನು, ಈಗ ಎರವಲು ಆಟಗಾರ. ಹೊರಗಿನವರನ್ನು ತಂದಿದ್ದೀರಿ ಎಂದು ವಾಂಡರರ್ಸ್ ತಕರಾರು ತೆಗೆದರು, ಕಪ್‌ನ ಧರ್ಮದರ್ಶಿಗಳು ಆಕ್ಷೇಪ ಎತ್ತಿದರು. ಇಷ್ಟೆಲ್ಲ ರಗಳೆ ಮಾಡಿದರೆ ಕಪ್ಪನ್ನೇ ಲೇಕ್ ಆಫ್ ದ ವುಡ್ಸ್ ಸರೋವರಕ್ಕೆ ಎಸೆಯುತ್ತೇವೆ ಎಂದು ಕೆನೋರಾ ಕಡೆಯವರು ಬೆದರಿಸಿದರು ಎಂಬ ಕಥೆ ಇವತ್ತಿಗೂ ಚಾಲ್ತಿಯಲ್ಲಿದೆ. ಕೊನೆಗೆ ಎರಡೂ ತಂಡಗಳು ತಾವೇ ಒಪ್ಪಿಕೊಂಡು ಆಡಿದವು. ಮೊದಲ ಪಂದ್ಯ 7–2, ವಾಂಡರರ್ಸ್ ಕಡೆಗೆ. ಎರಡನೆಯದರಲ್ಲಿ 6–5ರಿಂದ ಸೋತರೂ ಒಟ್ಟು ಗೋಲು 12–8. ಕಪ್ ಮಾಂಟ್ರಿಯಲ್‌ಗೆ ಮರಳಿತು.

ನಿಷ್ಠೆಯ ಪಾಠ ಹೇಳುವವರು ಇದನ್ನೂ ಗಮನಿಸಲಿ. ತಂಡಗಳು ಒಂದು ವಾರಕ್ಕೆ ಬೇರೆ ಊರಿನವರನ್ನು ಎರವಲು ತಂದು ಕಪ್‌ಗಾಗಿ ಆಡಿಸುತ್ತಿದ್ದ ಕಾಲ ಅದು.

ತಾಮ್ರದೂರು:
ಆ ಬೇಸಿಗೆಯಲ್ಲೇ ಅಲ್ಲವೇ ಅವನು ತೀರಿಕೊಂಡದ್ದು?

ಹಳೆಪುಟ:
ಹೌದು. ಹಾಕಿಯ ಹೊಡೆದಾಟ ಸಾಕು ಎನ್ನಿಸಿ ತಂದೆಯ ಕಟ್ಟಡ ಗುತ್ತಿಗೆಯ ಕೆಲಸಕ್ಕೆ ಸೇರಿದ್ದ. ಒಂಟಾರಿಯೊದ ಬೆಲ್‌ವಿಲ್‌ನಲ್ಲಿ ಒಂದು ಕಾಮಗಾರಿ ನೋಡಿಕೊಳ್ಳುತ್ತಿದ್ದ. 1907ರ ಜೂನ್ 23ರಂದು ಗೆಳೆಯರೊಡನೆ ಬೇ ಆಫ್ ಕ್ವಿಂಟೆಯಲ್ಲಿ ಈಜಲು ಹೋದ. ಅರ್ಧ ಮೈಲಿ ದೂರದ ದೀಪಸ್ತಂಭದವರೆಗೆ ಈಜಿ, ಅಲ್ಲಿನ ಕಟ್ಟೆ ಹತ್ತಿ ನೀರಿಗೆ ಧುಮುಕಿದ. ಕೆಳಗೆ ನೀರು ಆಳವಿರಲಿಲ್ಲ, ಚೂಪು ಕಲ್ಲುಗಳಿದ್ದವು. ತಲೆ ಬಡಿದು ಅಲ್ಲೇ ಪ್ರಾಣ ಹೋಯಿತು. ಹೆಂಡತಿ, ಇಬ್ಬರು ಮಕ್ಕಳು.

ಲೆಡ್ಜರ್:
ನಿಧಿ ಇಲ್ಲ, ಪಿಂಚಣಿ ಇಲ್ಲ, ವಿಮೆ ಇಲ್ಲ. ಆದ್ದರಿಂದ 1908ರ ಜನವರಿ 2ರಂದು ಮಾಂಟ್ರಿಯಲ್ ಅರೀನಾದಲ್ಲಿ ವಾಂಡರರ್ಸ್ ಒಂದು ಕಡೆ, ಲೀಗ್‌ನ ಉಳಿದ ತಂಡಗಳಿಂದ ಆರಿಸಿದವರು ಇನ್ನೊಂದು ಕಡೆ ನಿಂತು ಆಡಿದರು. ಮೂರೂವರೆ ಸಾವಿರದಷ್ಟು ಜನ ಬಂದರು, 2,000 ಡಾಲರಿಗೂ ಹೆಚ್ಚು ಹಣ ಕೂಡಿತು, ಎಲ್ಲವೂ ಕುಟುಂಬಕ್ಕೆ ಹೋಯಿತು. ವಾಂಡರರ್ಸ್ 10–7ರಿಂದ ಗೆದ್ದರು. ಹಾಕಿಯ ಮೊದಲ ಆಲ್‌ಸ್ಟಾರ್ ಪಂದ್ಯ ಎಂದು ಎಣಿಸುವುದು ಇದನ್ನೇ.

ಇಂದು ಆಲ್‌ಸ್ಟಾರ್ ಪಂದ್ಯ ಎಂದರೆ ದೀಪಾಲಂಕಾರ, ಜಾಹೀರಾತು, ಹಾಡು. ಅದರ ಮೂಲ ಒಬ್ಬ ವಿಧವೆಗೆ ಕೂಡಿಸಿದ ಚಂದಾ. 1934ರಲ್ಲಿ ಟೊರಾಂಟೊದಲ್ಲಿ ಇನ್ನೊಂದು ಇಂಥ ಪಂದ್ಯ ನಡೆಯಿತು, ಗಾಯಗೊಂಡ ಆಟಗಾರ ಏಸ್ ಬೈಲಿಗಾಗಿ. ಅವನ ತಲೆಬುರುಡೆ ಒಡೆದದ್ದು ಯಾರ ಪೆಟ್ಟಿನಿಂದ? ಈ ಚರ್ಚೆಯ ಮೊದಲ ಸಾಲಿನಲ್ಲೇ ಬಂದ ಎಡ್ಡಿ ಶೋರ್! 1947ರಲ್ಲಿ ಪ್ರತಿ ವರ್ಷದ ಆಲ್‌ಸ್ಟಾರ್ ಪಂದ್ಯ ಆರಂಭವಾದಾಗ ಟಿಕೆಟ್ ಹಣದ ಮೂರನೇ ಎರಡು ಭಾಗ ಆಟಗಾರರ ಪಿಂಚಣಿ ನಿಧಿಗೆ ಎಂದು ಗೊತ್ತುಮಾಡಿದರು. ಸ್ಟುವರ್ಟ್ ಸತ್ತು ಆಗಲೇ 40 ವರ್ಷ.

ಅನುಮಾನಿ:
ಕೂಲಿಯ ವಾದ ನಿಮ್ಮದೇ ಗೆದ್ದಿತು, ಅದನ್ನು ಇನ್ನು ಎಳೆಯುವುದಿಲ್ಲ. ಅವನು ಆ ಕಾಲದ ಅತ್ಯುತ್ತಮ ಡಿಫೆನ್ಸ್ ಆಟಗಾರ ಎಂಬುದನ್ನು ಮಾತ್ರ ಇನ್ನೂ ಒಪ್ಪಿಲ್ಲ. ಚಲನಚಿತ್ರವಿಲ್ಲ, ತಡೆದ ಗೋಲುಗಳ ಅಂಕಿಅಂಶವಿಲ್ಲ. ಇರುವುದು ಪತ್ರಿಕೆಯವರ ಹೊಗಳಿಕೆ ಮಾತ್ರ. ಅದೇ ಒಟ್ಟಾವಾದ, ಅದೇ ಕಾಲದ ಡಿಫೆನ್ಸ್ ಆಟಗಾರ ಹಾರ್ವಿ ಪುಲ್‌ಫರ್ಡ್‌ನನ್ನು ಎಲ್ಲಿ ಇಡುತ್ತೀರಿ?

ಹಳೆಪುಟ:
1945ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಮೊಟ್ಟಮೊದಲು ಆರಿಸಿದ ಆಟಗಾರರಲ್ಲಿ ಸ್ಟುವರ್ಟ್, ಪುಲ್‌ಫರ್ಡ್ ಇಬ್ಬರೂ ಇದ್ದಾರೆ. ನಾಲ್ಕು ಗೋಲಿನ ಟಾಮಿ ಫಿಲಿಪ್ಸ್ ಕೂಡ. ಪುಲ್‌ಫರ್ಡ್ ಒಂದೇ ಊರು, ಒಂದೇ ತಂಡ ಎಂದು ಬದುಕಿದವನು. ಮೈ ಅಡ್ಡ ಹಾಕಿ ತಡೆಯುವವನು, ಗೋಲ್ ಹೊಡೆದದ್ದು ತೀರ ಅಪರೂಪ, ಪಕ್ಕನ್ನು ಎತ್ತಿ ಎಸೆಯುವ ಹಳೆಯ ಶೈಲಿಯವನು. ನನ್ನ ಮತ ಸ್ಟುವರ್ಟ್‌ಗೇ, ಏಕೆಂದರೆ ಡಿಫೆನ್ಸ್‌ನಿಂದ ಪಕ್ ಹಿಡಿದು ಏರಿ ಹೋಗುವ ಆಟವೇ ಮುಂದೆ ಉಳಿದದ್ದು. ಪುಲ್‌ಫರ್ಡ್ ಪರ ವಾದಿಸುವವರು ನೀವಾದರೆ ಹೊಸ ಎಳೆ ಆರಂಭಿಸಿ, ಅಲ್ಲಿಗೆ ಬರುತ್ತೇನೆ.

ಒಟ್ಟಾವಾವಾಸಿ:
ಆರಂಭಿಸುವಾಗ ಸ್ಟುವರ್ಟ್‌ನ ತಮ್ಮ ಬ್ರೂಸ್‌ನನ್ನೂ ಸೇರಿಸಿ. ಅಣ್ಣ ಸತ್ತ ಮೇಲೆ 1908ರಲ್ಲಿ ಅದೇ ವಾಂಡರರ್ಸ್ ಜೊತೆ ಕಪ್ ಗೆದ್ದ, ಮರುವರ್ಷ ಒಟ್ಟಾವಾ ಜೊತೆ ಗೆದ್ದ. ಅವನೂ ತಂಡ ಬದಲಿಸಿದವನೇ, ಅನುಮಾನಿ ಅವರಿಗೆ ಕೈತುಂಬ ಕೆಲಸವಿದೆ.